ಓದುಗರ ಪ್ರಶ್ನೆ: ಅಮ್ಮನ ಕೈಯಲ್ಲಿ ಮೈಕ್ ಇರುವಾಗ ಮಗು ಎಲ್ಲಿರಬೇಕು?

ಪ್ರಶ್ನೆ: ನಾನು ವಿಮಾನ ಸಂಚಾರ ನಿಯಂತ್ರಕಿ. ಹತ್ತು ವರ್ಷದ ಮಗಳಿಗೆ ನನ್ನ ಕೆಲಸದ ಬಗ್ಗೆ ಅಪಾರ ಕುತೂಹಲ. ಶಾಲೆಗೆ ರಜೆ ಇರುವಾಗ ಒಂದು ದಿನ ಅವಳನ್ನು ಕಂಟ್ರೋಲ್ ಟವರ್‌ಗೆ ಕರೆದೊಯ್ದು, ಪಕ್ಕದಲ್ಲೇ ಕೂರಿಸಿಕೊಂಡು ಕೆಲಸ ತೋರಿಸಬೇಕೆಂಬ ಆಸೆಯಿದೆ. ‘ಮೈಕ್‌ನಲ್ಲಿ ಅವಳಿಂದ ಒಂದು ಮಾತು ಆಡಿಸಿ, ಜೀವನಪೂರ್ತಿ ನೆನಪಿಟ್ಟುಕೊಳ್ಳುತ್ತಾಳೆ’ ಎಂದು ಸಹೋದ್ಯೋಗಿಗಳು ಹುರಿದುಂಬಿಸುತ್ತಿದ್ದಾರೆ. ನಾನು ಹಿಂದೆಯೇ ನಿಂತು ಹೇಳಿಕೊಟ್ಟರೆ ತಪ್ಪೇನು?

ಉತ್ತರ: ಮಗಳನ್ನು ಖಂಡಿತ ಕರೆದೊಯ್ಯಿರಿ. ಆದರೆ ನೀವು ಕರ್ತವ್ಯದ ಕುರ್ಚಿಯಲ್ಲಿರುವ ಹೊತ್ತಿನಲ್ಲಿ ಬೇಡ. ಮೈಕ್ ಅಂತೂ ಬೇಡವೇ ಬೇಡ.

ನಿಮ್ಮ ಸಹೋದ್ಯೋಗಿಗಳು ಸೂಚಿಸುತ್ತಿರುವಂಥದ್ದೇ 2010ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣದಲ್ಲಿ ನಡೆದಿತ್ತು. ರಜೆಯಲ್ಲಿದ್ದ ಮಗನನ್ನು ಟವರ್‌ಗೆ ಕರೆತಂದ ನಿಯಂತ್ರಕರೊಬ್ಬರು ಅವನ ಬಾಯಲ್ಲಿ ಪೈಲಟ್‌ಗಳಿಗೆ ಟೇಕಾಫ್ ಅನುಮತಿ ಹೇಳಿಸಿದರು. ಮರುದಿನ ಮಗಳನ್ನೂ ಕರೆತಂದರು. ಪೈಲಟ್‌ಗಳು ನಗುನಗುತ್ತಲೇ ಉತ್ತರಿಸಿದರು, ಯಾವ ವಿಮಾನಕ್ಕೂ ತೊಂದರೆಯಾಗಲಿಲ್ಲ. ಧ್ವನಿಮುದ್ರಿಕೆ ಹೊರಬಂದಾಗ ಮಾತ್ರ ಅಮೆರಿಕದ ವಿಮಾನಯಾನ ಆಡಳಿತವು ಆ ನಿಯಂತ್ರಕರನ್ನೂ ಅವರ ಮೇಲ್ವಿಚಾರಕರನ್ನೂ ಕೆಲಸದಿಂದ ದೂರವಿರಿಸಿ ತನಿಖೆಗೆ ಆದೇಶಿಸಿತು. ನಿಯಂತ್ರಣ ಕೊಠಡಿಗಳಿಗೆ ಅಧಿಕೃತವಲ್ಲದ ಭೇಟಿಗಳನ್ನೆಲ್ಲ ನಿಲ್ಲಿಸಿತು. ಅಪ್ಪ ಹಿಂದೆಯೇ ನಿಂತಿದ್ದರಲ್ಲ, ಹುಡುಗ ಹೇಳಿಕೊಟ್ಟಷ್ಟನ್ನೇ ಹೇಳಿದನಲ್ಲ, ಇಷ್ಟಕ್ಕೆ ಇಷ್ಟೊಂದು ರಂಪವೇಕೆ ಎಂದು ಆಗ ಅನೇಕರು ಕೇಳಿದ್ದರು. ನಿಮ್ಮ ಪ್ರಶ್ನೆಯೂ ಅದೇ ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

‘ಟೇಕಾಫ್’ ಎಂಬ ಪದಕ್ಕೆ ನಮ್ಮ ವೃತ್ತಿಯಲ್ಲಿ ಇರುವ ತೂಕ ನಿಮಗೆ ಗೊತ್ತೇ ಇದೆ; ಮಗಳಿಗೂ ಅದನ್ನು ಹೇಳಿ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ದಟ್ಟ ಮಂಜು ಕವಿದಿತ್ತು; ಒಂದು ವಿಮಾನ ಅನುಮತಿ ಸಿಗುವ ಮೊದಲೇ ಓಟ ಆರಂಭಿಸಿತ್ತು; ಕಾಯುವಂತೆ ಟವರ್ ಹೇಳಿದ ಮಾತೂ, ತಾವಿನ್ನೂ ರನ್‌ವೇಯಲ್ಲೇ ಇದ್ದೇವೆಂದು ಎರಡನೆಯ ವಿಮಾನದವರು ಹೇಳಿದ ಮಾತೂ ಒಂದೇ ಕ್ಷಣದಲ್ಲಿ ಹೊರಟಿದ್ದರಿಂದ ಓಡುತ್ತಿದ್ದ ವಿಮಾನದ ಪೈಲಟ್‌ಗಳ ಕಿವಿಗೆ ಬಿದ್ದದ್ದು ಬಹುಮಟ್ಟಿಗೆ ಒಂದು ಕೀರಲು ಸದ್ದು. ರೇಡಿಯೋದ ಒಂದು ತರಂಗಾಂತರದಲ್ಲಿ ಒಮ್ಮೆಗೆ ಒಬ್ಬರು ಮಾತ್ರ ಮಾತನಾಡಬಹುದು, ಇಬ್ಬರು ಗುಂಡಿ ಒತ್ತಿದರೆ ಇಬ್ಬರ ಮಾತೂ ಕೆಡುತ್ತದೆ. ಆ ದುರಂತದ ನಂತರ, ಟೇಕಾಫ್‌ಗೆ ನಿಜವಾಗಿ ಅನುಮತಿ ಕೊಡುವಾಗ ಅಥವಾ ಕೊಟ್ಟ ಅನುಮತಿಯನ್ನು ರದ್ದುಪಡಿಸುವಾಗ ಮಾತ್ರ ಆ ಪದವನ್ನು ಬಳಸಬೇಕು, ಉಳಿದೆಡೆ ‘ನಿರ್ಗಮನ’ ಎನ್ನಬೇಕು ಎಂಬ ಪದ್ಧತಿ ಜಗತ್ತಿನಾದ್ಯಂತ ಬಂತು. ಅಷ್ಟು ಜೀವಗಳನ್ನು ತೆತ್ತು ಕಾದಿಟ್ಟ ಪದವನ್ನೇ ಕೆನಡಿ ಟವರ್‌ನಲ್ಲಿ ಮಗುವಿನ ಆಟಕ್ಕೆ ಕೊಡಲಾಯಿತು. ಅಪಘಾತ ಆಗಲಿಲ್ಲ ಎಂಬ ಕಾರಣಕ್ಕೆ ಅದನ್ನು ಸಣ್ಣ ತಪ್ಪೆಂದು ಒಪ್ಪಲು ನನ್ನಿಂದ ಸಾಧ್ಯವಿಲ್ಲ.

ಇನ್ನೊಂದು ಕಡೆಯಿಂದ ಯೋಚಿಸಿ. ಆಗಷ್ಟೇ ನಿಮ್ಮ ತರಂಗಾಂತರಕ್ಕೆ ಬಂದ ಪೈಲಟ್‌ಗೆ ಹಿಂದುಮುಂದು ಗೊತ್ತಿಲ್ಲ. ಅವರಿಗೆ ಮೊದಲು ಕೇಳುವುದು ಮಗುವಿನ ಧ್ವನಿ. ಇದು ಟವರೋ, ಯಾರೋ ಕಿಡಿಗೇಡಿಗಳು ನುಸುಳಿದ್ದಾರೋ ಎಂದು ಅವರು ಅನುಮಾನಿಸಿದರೆ ತಪ್ಪು ಅವರದಲ್ಲ. ಪೈಲಟ್ ಸೂಚನೆಯನ್ನು ಮರಳಿ ಹೇಳುವಾಗ ತಪ್ಪಿದರೆ ತಿದ್ದಬೇಕಾದ ಮಾತು ನಿಮ್ಮಿಂದ ಮಗಳಿಗೆ, ಮಗಳಿಂದ ಮೈಕ್‌ಗೆ ಹೋಗುವಷ್ಟರಲ್ಲಿ ವಿಮಾನ ರನ್‌ವೇ ಮೇಲಿರುತ್ತದೆ.

ಮೈಕ್ ಕೊಡದೆ ಬರಿದೇ ಪಕ್ಕದಲ್ಲಿ ಕೂರಿಸಿಕೊಳ್ಳಬಹುದಲ್ಲ ಎನ್ನುವಿರಿ. ನಾನು ಟವರ್‌ನಲ್ಲಿದ್ದ ಕಾಲದ ಒಂದು ಗಳಿಗೆಯನ್ನು ಇಂದಿಗೂ ಮರೆತಿಲ್ಲ. ರನ್‌ವೇ ತಪಾಸಣೆಗೆ ವಾಹನ ಇಳಿದಿದೆ ಎಂಬುದನ್ನು ಮರೆಯದಿರಲು, ಒಂದೊಂದು ವಿಮಾನದ ವಿವರ ಬರೆದ ಕಿರುಪಟ್ಟಿಗಳನ್ನು ಜೋಡಿಸುವ ಹಲಗೆಯಲ್ಲಿ ರನ್‌ವೇ ಜಾಗಕ್ಕೆ ಕೆಂಪು ಪಟ್ಟಿಯೊಂದನ್ನು ಇಡುತ್ತಿದ್ದೆವು. ಸಹೋದ್ಯೋಗಿಯೊಬ್ಬರ ಐದು ವರ್ಷದ ಮಗ ಬಂದಿದ್ದ. ಬಣ್ಣ ಚೆನ್ನಾಗಿದೆ ಎಂದು ಅದನ್ನು ಮೆಲ್ಲಗೆ ಎತ್ತಿಕೊಂಡು ‘ಇದು ನಂಗೆ ಕೊಡ್ತೀರಾ ಅಂಕಲ್?’ ಎಂದು ಕೇಳಿದ. ಅವನು ಕೇಳಿದ್ದರಿಂದ ನನಗೆ ಗೊತ್ತಾಯಿತು. ಕೇಳದೆ ಜೇಬಿಗೆ ಹಾಕಿಕೊಂಡಿದ್ದರೆ ಹಲಗೆಯ ಮೇಲೆ ರನ್‌ವೇ ಖಾಲಿಯಾಗಿ ಕಾಣುತ್ತಿತ್ತು. ಮಗು ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪು ನಮ್ಮದು, ಅಪ್ಪನೂ ಕೆಲಸದಲ್ಲಿ ಮುಳುಗಿದ್ದ, ನಾವೂ ಮುಳುಗಿದ್ದೆವು, ಆ ಮಗುವನ್ನು ನೋಡಿಕೊಳ್ಳುವುದು ಯಾರ ಕೆಲಸವೂ ಆಗಿರಲಿಲ್ಲ.

ಆದ್ದರಿಂದ ನಿಮ್ಮ ಪಾಳಿ ಇಲ್ಲದ ದಿನ, ಮೇಲಧಿಕಾರಿಗಳಿಂದ ಲಿಖಿತ ಅನುಮತಿ ಪಡೆದು, ಸಂಚಾರ ವಿರಳವಾಗಿರುವ ಹೊತ್ತು ನೋಡಿ ಹೋಗಿ. ಅಂದು ನೀವು ಅಮ್ಮ ಮಾತ್ರ. ಮಗಳ ಕೈ ಹಿಡಿದು ಹಿಂದಿನ ಗೋಡೆಗೆ ಒರಗಿ ನಿಲ್ಲಿ, ಫೋನ್‌ಗಳನ್ನು ಕೆಳಗೇ ಬಿಟ್ಟುಬನ್ನಿ, ಪ್ರಶ್ನೆಗಳನ್ನೆಲ್ಲ ಮೆಟ್ಟಿಲಿಳಿದ ಮೇಲೆ ಕೇಳಬೇಕೆಂದು ಮನೆಯಲ್ಲೇ ಒಪ್ಪಿಸಿ. ಹತ್ತು ವರ್ಷದ ಮಗುವಿಗೆ ಇಪ್ಪತ್ತು ನಿಮಿಷ ಸಾಕು. ಮೇಲ್ವಿಚಾರಕರು ಕಣ್ಸನ್ನೆ ಮಾಡಿದರೆ ಕಾರಣ ಕೇಳದೆ ಹೊರಟುಬಿಡಿ. ಅವಳಿಗೆ ಮೈಕ್ ಹಿಡಿಯಲೇಬೇಕೆಂದಿದ್ದರೆ ತರಬೇತಿಯ ಸಿಮ್ಯುಲೇಟರ್‌ಗೆ ಅನುಮತಿ ಕೇಳಿನೋಡಿ. ಅಲ್ಲಿ ಅವಳು ಮನಸೋಇಚ್ಛೆ ಟೇಕಾಫ್ ಕೊಡಲಿ, ತಪ್ಪಲಿ, ತಿದ್ದಿಕೊಳ್ಳಲಿ.

ಪ್ರಶ್ನೆ: ನನಗೆ ಹದಿಮೂರು ವರ್ಷ. ಅಪ್ಪ ಪೈಲಟ್. ಅವರು ಹಾರಿಸುವ ವಿಮಾನದಲ್ಲಿ ನಾವೆಲ್ಲ ಪ್ರವಾಸ ಹೋಗುವಾಗ, ಆಕಾಶದಲ್ಲಿರುವಾಗ ಒಂದೇ ಒಂದು ನಿಮಿಷ ಕಾಕ್‌ಪಿಟ್‌ನಲ್ಲಿ ಕೂರಬೇಕೆಂದು ಕೇಳಿದೆ. ಅವರು ಕಡ್ಡಿಮುರಿದಂತೆ ಆಗುವುದಿಲ್ಲ ಎಂದರು. ಆಟೊಪೈಲಟ್ ಇರುವಾಗ ಏನಾಗುತ್ತದೆ? ಅಪ್ಪನಿಗೆ ನನ್ನ ಮೇಲೆ ನಂಬಿಕೆ ಇಲ್ಲವೇ?

ಉತ್ತರ: ಮಗೂ, ನಿನ್ನ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ನಿನ್ನ ಅಪ್ಪ ಹೇಳಿದ್ದು ಸರಿ. 2001ರ ಸೆಪ್ಟೆಂಬರ್ ದಾಳಿಯ ನಂತರ ಹಾರಾಟದಲ್ಲಿ ಕಾಕ್‌ಪಿಟ್ ಬಾಗಿಲು ಮುಚ್ಚಿಯೇ ಇರಬೇಕೆಂಬ ನಿಯಮ ಬಂದಿರುವುದು ಒಂದು ಕಾರಣ. ಅದಕ್ಕಿಂತ ಹಳೆಯ ಕಾರಣ ಇನ್ನೊಂದಿದೆ. ಅದನ್ನು ಓದುವುದು ಸುಲಭವಲ್ಲ; ಆದರೂ ನೀನು ನೇರವಾಗಿ ಕೇಳಿರುವುದರಿಂದ ಮರೆಮಾಚುವುದಿಲ್ಲ.

1994ರ ಮಾರ್ಚ್ 23ರಂದು ಮಾಸ್ಕೋದಿಂದ ಹಾಂಗ್‌ಕಾಂಗ್‌ಗೆ ಹೊರಟಿದ್ದ ಏರೊಫ್ಲಾಟ್ ಸಂಸ್ಥೆಯ ಏರ್‌ಬಸ್ ಎ310 ವಿಮಾನದಲ್ಲಿ ಕ್ಯಾಪ್ಟನ್ ತಮ್ಮ ಮಗಳನ್ನೂ ನಂತರ ಮಗನನ್ನೂ ತಮ್ಮ ಆಸನದಲ್ಲಿ ಕೂರಿಸಿದರು. ಆಟೊಪೈಲಟ್ ಚಾಲೂ ಇತ್ತು, ನೀನು ಹೇಳುವ ಹಾಗೆಯೇ. ಮಗ ಹಿಡಿಕೆಯನ್ನು ಸುಮಾರು ಮೂವತ್ತು ಸೆಕೆಂಡ್ ಒತ್ತಿಹಿಡಿದದ್ದರಿಂದ, ವಿಮಾನವನ್ನು ಎಡಬಲಕ್ಕೆ ವಾಲಿಸುವ ಭಾಗವನ್ನಷ್ಟೇ ಆಟೊಪೈಲಟ್ ಬಿಟ್ಟುಕೊಟ್ಟಿತು. ಅದಕ್ಕೆ ಗಂಟೆ ಬಾರಿಸಲಿಲ್ಲ, ಒಂದು ದೀಪ ಹತ್ತಿತು, ಅದು ಯಾರ ಗಮನಕ್ಕೂ ಬರಲಿಲ್ಲ. ವಿಮಾನ ತಾನಾಗಿ ತಿರುಗುತ್ತಿದೆಯೆಂದು ಮೊದಲು ಗುರುತಿಸಿದವನು ಆ ಹುಡುಗನೇ. ಆದರೆ ಅಷ್ಟರಲ್ಲಿ ವಿಮಾನ ತೀವ್ರವಾಗಿ ವಾಲತೊಡಗಿತ್ತು, ಅಪ್ಪ ತಮ್ಮ ಆಸನಕ್ಕೆ ಮರಳುವುದು ತಡವಾಯಿತು. 75 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಆ ಹುಡುಗ ಅವಿಧೇಯನೂ ಅಲ್ಲ, ದಡ್ಡನೂ ಅಲ್ಲ. ಅವನು ಅಪ್ಪ ಹೇಳಿದಂತೆಯೇ ಮಾಡಿದ. ಆದ್ದರಿಂದ ನಿನ್ನ ಅಪ್ಪ ಬೇಡವೆಂದದ್ದು ನಿನ್ನ ಮೇಲಿನ ಅಪನಂಬಿಕೆಯಿಂದಲ್ಲ. ತಮ್ಮ ಕುರ್ಚಿಯ ಹೊಣೆಯನ್ನು ಒಂದು ನಿಮಿಷದ ಮಟ್ಟಿಗೂ ಯಾರ ಹೆಗಲಿಗೂ ದಾಟಿಸಬಾರದೆಂದು, ಮುಖ್ಯವಾಗಿ ನಿನ್ನ ಹೆಗಲಿಗೆ ದಾಟಿಸಬಾರದೆಂದು ಅವರಿಗೆ ಗೊತ್ತಿದೆ. ಆ ಕುರ್ಚಿ ಎಷ್ಟು ಗಮನ ಬೇಡುತ್ತದೆಂದರೆ, ಅಮೆರಿಕದಲ್ಲಿ 1981ರಿಂದಲೂ, 10,000 ಅಡಿಗಿಂತ ಕೆಳಗೆ ಹಾರುವಾಗ ಪೈಲಟ್‌ಗಳು ತಮ್ಮತಮ್ಮಲ್ಲೇ ಹರಟುವಂತಿಲ್ಲ ಎಂಬ ನಿಯಮವಿದೆ. ವಿಮಾನ ನಿಲ್ದಾಣದಲ್ಲಿ ನಿಂತು, ಎಂಜಿನ್ ಆರಿ, ಪ್ರಯಾಣಿಕರೆಲ್ಲ ಇಳಿದ ಮೇಲೆ ಸಂಸ್ಥೆಯ ಒಪ್ಪಿಗೆಯಿದ್ದರೆ ಒಳಗೆ ಬಂದು ನೋಡಬಹುದೇ ಎಂದು ಅಪ್ಪನನ್ನು ಕೇಳು.

ಪ್ರಶ್ನೆ: ನಾನು ವಿಮಾನ ದುರಸ್ತಿ ಮಾಡುವ ಎಂಜಿನಿಯರ್. ನಮ್ಮ ಹ್ಯಾಂಗರ್‌ನಲ್ಲಿ ನಿಂತ ವಿಮಾನಕ್ಕೆ ಎಂಟು ವರ್ಷದ ಮಗನನ್ನು ಹತ್ತಿಸಬಹುದೇ? ಅದೇನೂ ಹಾರುವುದಿಲ್ಲವಲ್ಲ.

ಉತ್ತರ: ಹಾರುವುದಿಲ್ಲ, ಆದರೆ ಅದರ ಅಂಗಗಳು ಅಲುಗಾಡಬಲ್ಲವು. ಹೈಡ್ರಾಲಿಕ್ ಒತ್ತಡ ಇರುವಾಗ ಕಾಕ್‌ಪಿಟ್‌ನಲ್ಲಿ ಒಂದು ಹಿಡಿಕೆ ಸರಿದರೆ ರೆಕ್ಕೆಯ ಫ್ಲಾಪ್ ಚಲಿಸಬಹುದು, ಅದರ ಸಂದಿಯಲ್ಲಿ ನಿಮ್ಮದೇ ಸಹೋದ್ಯೋಗಿಯ ಕೈ ಇರಬಹುದು. ಸ್ವಿಚ್‌ಗಳಿಗೆ ಕಟ್ಟಿದ ಎಚ್ಚರಿಕೆಯ ಚೀಟಿಗಳು ಓದಬಲ್ಲ ದೊಡ್ಡವರಿಗೆ ಬರೆದವು. ಅಲ್ಲದೆ ಮಗನ ಜೇಬಿನ ಗೋಲಿಯೊಂದು ಜಾರಿ ಬಿದ್ದರೆ, ಪಾಳಿ ಮುಗಿಯುವಾಗ ನೀವು ಸ್ಪ್ಯಾನರ್‌ಗಳನ್ನು ಎಣಿಸುತ್ತೀರಿ, ಗೋಲಿಯನ್ನು ಯಾರೂ ಎಣಿಸುವುದಿಲ್ಲ. ಕೆಲಸ ನಡೆಯದಿರುವ, ವಿದ್ಯುತ್ತೂ ಒತ್ತಡವೂ ಕಡಿತಗೊಂಡಿರುವ ವಿಮಾನ ಇದ್ದರೆ, ಹ್ಯಾಂಗರ್‌ನ ಹೊಣೆ ಹೊತ್ತವರ ಅನುಮತಿ ಪಡೆದು, ಜೇಬು ಖಾಲಿ ಮಾಡಿಸಿ, ನಿಮ್ಮ ಪಾಳಿ ಇಲ್ಲದ ದಿನ ಕರೆದೊಯ್ಯಿರಿ.