ಚಾಪ್ಲಿನ್‌ಗೆ ಆಕ್ಷನ್ ಹೇಳಿದ ಹುಡುಗಿ

‘ಮೂಕಿ ಕಾಲದ ಕಾಮಿಡಿ ಅಂದ್ರೆ ಬರೀ ಚಾಪ್ಲಿನ್, ಕೀಟನ್ ಅಂತಾರೆ, ಹೆಣ್ಣುಮಕ್ಕಳು ಯಾರೂ ನಗಿಸಲಿಲ್ವಾ? ನಗಿಸಿದ್ದರೆ ಅವರ ಹೆಸರು ಯಾಕೆ ಗೊತ್ತಿಲ್ಲ?’ ಅಂತ ಕೇಳಿದ್ದೀರಿ. ನಗಿಸಿದ್ದಾರೆ, ಚೆನ್ನಾಗೇ ನಗಿಸಿದ್ದಾರೆ. ಒಂದೇ ಹೆಸರು ಹೇಳು ಅಂದ್ರೆ ನಾನು ಮೇಬಲ್ ನಾರ್ಮಂಡ್ ಅಂತೀನಿ. ಹೆಸರು ಯಾಕೆ ಮರೆತುಹೋಯ್ತು ಅನ್ನೋದಕ್ಕೂ ಇವಳ ಕಥೆಯಲ್ಲೇ ಉತ್ತರ ಇದೆ.

ನಾನೇನು ಇವಳನ್ನು ಹುಡುಕಿಕೊಂಡು ಹೋದವನಲ್ಲ. ಚಾಪ್ಲಿನ್‌ನ ಶುರುವಿನ ಚಿತ್ರಗಳನ್ನು ಯೂಟ್ಯೂಬ್‌ನಲ್ಲಿ ಒಂದೊಂದಾಗಿ ನೋಡುತ್ತಿದ್ದೆ. ಆಗ ‘ಮೇಬಲ್ಸ್ ಸ್ಟ್ರೇಂಜ್ ಪ್ರೆಡಿಕಮೆಂಟ್’ ಸಿಕ್ಕಿತು, 1914ರದ್ದು. ದೊಗಲೆ ಪ್ಯಾಂಟು, ಗುಂಡು ಟೋಪಿ, ಬೆತ್ತ ಹಿಡಿದ ಅಲೆಮಾರಿ ವೇಷವನ್ನು ಚಾಪ್ಲಿನ್ ಕ್ಯಾಮೆರಾ ಮುಂದೆ ಮೊದಲ ಸಲ ಹಾಕಿದ್ದು ಇದರಲ್ಲೇ. ಇನ್ನೊಂದು ಚಿತ್ರ ಎರಡು ದಿನ ಮುಂಚೆ ಥಿಯೇಟರಿಗೆ ಬಂತು ನಿಜ, ಆದರೆ ಮೊದಲು ಶೂಟ್ ಆಗಿದ್ದು ಇದು. ಕಥೆ ಇಷ್ಟೇ: ಹೋಟೆಲಿನಲ್ಲಿ ಮೇಬಲ್ ರಾತ್ರಿ ಉಡುಪಿನಲ್ಲಿ ರೂಮಿನಿಂದ ಹೊರಗೆ ಬಂದು ಸಿಕ್ಕಿಹಾಕಿಕೊಳ್ತಾಳೆ, ಬಾಗಿಲು ಲಾಕ್ ಆಗಿರುತ್ತೆ, ಕಾರಿಡಾರಿನಲ್ಲಿ ಕುಡಿದು ತೂರಾಡುವ ಚಾಪ್ಲಿನ್ ಎದುರಾಗ್ತಾನೆ, ಇವಳು ಓಡಿಹೋಗಿ ಯಾರದೋ ರೂಮಿನ ಮಂಚದ ಕೆಳಗೆ ತೂರಿಕೊಳ್ತಾಳೆ, ಆ ರೂಮಿನವನ ಹೆಂಡತಿ ವಾಪಸ್ ಬರ್ತಾಳೆ, ಆಮೇಲೆ ಏನಾಗುತ್ತೆ ಅಂತ ನೀವೇ ಊಹಿಸಿ. ನಾನು ನೋಡೋಕೆ ಕೂತಿದ್ದು ಚಾಪ್ಲಿನ್‌ನನ್ನು. ಹತ್ತು ನಿಮಿಷ ಆದಮೇಲೆ ನೋಡುತ್ತಿದ್ದಿದ್ದು ಮೇಬಲ್‌ಳನ್ನು. ಸುತ್ತಮುತ್ತ ಎಲ್ಲರೂ ಕೈಕಾಲು ಬೀಸಿ ನಟಿಸುವಾಗ ಇವಳು ಸುಮ್ನೆ ಕಣ್ಣು ದೊಡ್ಡದು ಮಾಡಿ ನಮ್ಮ ಕಡೆ ಒಂದು ಸಲ ನೋಡ್ತಾಳೆ. ಅಷ್ಟು ಸಾಕು. ಈಗಿನ ಸಿನಿಮಾ ಇತಿಹಾಸಕಾರರು ಈ ಚಿತ್ರದ ನಿರ್ದೇಶಕಿ ಅಂತ ಕೊಡುವುದೂ ಇವಳ ಹೆಸರೇ.

ಹುಟ್ಟಿದ್ದು 1892ರಲ್ಲಿ, ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿ. ಬಡ ಮನೆ. ಹದಿಹರೆಯದಲ್ಲೇ ಚಿತ್ರಕಾರರಿಗೆ ಮಾಡೆಲ್ ಆಗಿ ನಿಂತು ದುಡಿದಳು. ಅಲ್ಲಿಂದ ಬಯೋಗ್ರಾಫ್ ಅನ್ನೋ ಸಿನಿಮಾ ಕಂಪನಿ, ಅಲ್ಲಿ ನಟ, ನಿರ್ದೇಶಕ ಮ್ಯಾಕ್ ಸೆನೆಟ್ ಪರಿಚಯ. 1912ರಲ್ಲಿ ಸೆನೆಟ್ ಕೀಸ್ಟೋನ್ ಅನ್ನೋ ಕಾಮಿಡಿ ಸ್ಟುಡಿಯೋ ಶುರು ಮಾಡಿದಾಗ ಇವಳೂ ಜೊತೆಗೆ ಕ್ಯಾಲಿಫೋರ್ನಿಯಾಕ್ಕೆ ಹೋದಳು. ಈಜೋದು, ಎತ್ತರದಿಂದ ನೀರಿಗೆ ಹಾರೋದು, ಕುದುರೆ ಸವಾರಿ, ಎಲ್ಲಕ್ಕೂ ಸೈ. 1913ರ ಒಂದು ಚಿತ್ರದಲ್ಲಿ ವಿಲನ್ ಅವಳನ್ನು ರೈಲು ಹಳಿಗೆ ಕಟ್ಟಿಹಾಕ್ತಾನೆ. ಆಗಿನ ನಾಟಕಗಳಲ್ಲಿ ಪದೇ ಪದೇ ಬರುತ್ತಿದ್ದ ಅಂಥ ದೃಶ್ಯವನ್ನೇ ಗೇಲಿ ಮಾಡುವ ಚಿತ್ರ ಅದು.

ಈಗ ಚಾಪ್ಲಿನ್ ಜಗಳದ ಕಥೆ, ನನಗೆ ಬಹಳ ಇಷ್ಟವಾದದ್ದು. ಕೀಸ್ಟೋನ್‌ನದೇ ‘ಮೇಬಲ್ ಅಟ್ ದ ವೀಲ್’ ಶೂಟಿಂಗ್, ಅದೂ 1914, ನಿರ್ದೇಶನ ಮಾಡುತ್ತಿದ್ದವಳು ಮೇಬಲ್. ಇವಳಿಗೆ 21, ಅವನಿಗೆ 24. ರಸ್ತೆಗೆ ನೀರು ಬಿಡೋ ಪೈಪನ್ನು ತಾನೇ ತುಳಿದುಕೊಂಡು, ನೀರು ಯಾಕೆ ಬರ್ತಿಲ್ಲ ಅಂತ ಬಾಯಿಗೆ ಕಣ್ಣಿಟ್ಟು ನೋಡ್ತೀನಿ ಅಂತ ಚಾಪ್ಲಿನ್ ಒಂದು ಐಡಿಯಾ ಹೇಳಿದ. ಟೈಮಿಲ್ಲ, ಹೇಳಿದಷ್ಟು ಮಾಡು ಅಂದಳು ಮೇಬಲ್. ಅವನು ಮುನಿಸಿಕೊಂಡು ರಸ್ತೆ ಪಕ್ಕ ಕೂತುಬಿಟ್ಟ, ನೀನು ನನಗೆ ಹೇಳಿಕೊಡೋಳಾ ಅನ್ನೋ ಧಾಟಿಯಲ್ಲಿ. ಇದನ್ನು ಅವನೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಸೆನೆಟ್ ಅವನನ್ನು ಕೆಲಸದಿಂದ ತೆಗೆಯೋದರಲ್ಲಿದ್ದ, ಅಷ್ಟರಲ್ಲಿ ಚಾಪ್ಲಿನ್ ಚಿತ್ರಗಳು ಇನ್ನೂ ಬೇಕು ಅಂತ ನ್ಯೂಯಾರ್ಕಿನಿಂದ ತಂತಿ ಬಂತು, ಮರುದಿನ ಎಲ್ಲ ತಣ್ಣಗಾಯ್ತು. ನಾನು ಚಾಪ್ಲಿನ್ ಅಭಿಮಾನಿಯೇ, ಆದರೂ ಈ ವಿಷಯದಲ್ಲಿ ಅವಳ ಕಡೆ. ಒಂದೆರಡು ತಿಂಗಳ ಹಿಂದೆ ಸೇರಿದ ಹೊಸಬ ಶೂಟಿಂಗ್ ನಿಲ್ಲಿಸಿ ಕೂತರೆ ಯಾವ ಡೈರೆಕ್ಟರ್‌ಗೆ ತಾನೇ ಸಿಟ್ಟು ಬರಲ್ಲ? ಆಮೇಲೆ ಇಬ್ಬರೂ ರಾಜಿಯಾಗಿ ಒಟ್ಟಿಗೆ ಎಷ್ಟೋ ಚಿತ್ರ ಮಾಡಿದರು. ಅದೇ ವರ್ಷದ ಕೊನೆಗೆ ಬಂದ ‘ಟಿಲ್ಲೀಸ್ ಪಂಕ್ಚರ್ಡ್ ರೊಮ್ಯಾನ್ಸ್’ನಲ್ಲೂ ಇಬ್ಬರೂ ಇದ್ದಾರೆ.

ಆಮೇಲೆ ದಪ್ಪ ದೇಹದ ಹಾಸ್ಯನಟ ರೋಸ್ಕೊ ಅರ್ಬಕಲ್ ಜೊತೆ ಸಾಲುಸಾಲು ಚಿತ್ರ. 1916ರಲ್ಲಿ ಅವಳದೇ ಹೆಸರಿನ ಕಂಪನಿ ಶುರುವಾಯ್ತು, ‘ಮಿಕ್ಕಿ’ ಅಂತ ದೊಡ್ಡ ಚಿತ್ರ ಮಾಡಿದರು. ಕೊಳ್ಳೋರಿಲ್ಲದೆ ಡಬ್ಬಿಯಲ್ಲೇ ಕೂತಿತ್ತು. 1918ರಲ್ಲಿ ಬಿಡುಗಡೆಯಾದಾಗ ಭರ್ಜರಿಯಾಗಿ ಓಡಿತು. ಅಷ್ಟರಲ್ಲಿ ಅವಳು ಗೋಲ್ಡ್‌ವಿನ್ ಕಂಪನಿ ಸೇರಿಯಾಗಿತ್ತು.

ಇಲ್ಲಿಂದ ಗ್ರಹಚಾರ. 1921ರಲ್ಲಿ ಅರ್ಬಕಲ್ ಮೇಲೆ ಒಬ್ಬ ನಟಿಯ ಸಾವಿನ ಕೇಸು ಬಿತ್ತು. ಮೂರನೇ ವಿಚಾರಣೆಯಲ್ಲಿ ಖುಲಾಸೆಯಾದರೂ ಅವನ ಕೆಲಸ ಹೋಯ್ತು, ಅವನ ಜೋಡಿ ಅಂತ ಇವಳ ಹೆಸರೂ ಎಲ್ಲರ ಬಾಯಿಗೆ ಬಿತ್ತು. 1922ರ ಫೆಬ್ರವರಿ 1ರ ಸಂಜೆ ಮೇಬಲ್ ತನ್ನ ಸ್ನೇಹಿತ, ನಿರ್ದೇಶಕ ವಿಲಿಯಂ ಡೆಸ್ಮಂಡ್ ಟೇಲರ್ ಮನೆಗೆ ಹೋಗಿದ್ದಳು. ಪುಸ್ತಕ ತಗೊಂಡು ಏಳೂ ಮುಕ್ಕಾಲರ ಹೊತ್ತಿಗೆ ಹೊರಟಳು, ಅವನೇ ಕಾರಿನ ತನಕ ಬಂದು ಬಿಟ್ಟುಹೋದ. ಬೆಳಗ್ಗೆ ಮನೆಯ ಆಳು ಬಂದು ನೋಡಿದರೆ ಅವನು ಗುಂಡೇಟು ಬಿದ್ದು ಸತ್ತಿದ್ದ. ಕೊಂದವರು ಯಾರು ಅಂತ ಇವತ್ತಿಗೂ ಪತ್ತೆಯಾಗಿಲ್ಲ. ಪೊಲೀಸರು ಇವಳನ್ನು ವಿಚಾರಿಸಿ ಬಿಟ್ಟರು, ಪತ್ರಿಕೆಗಳು ಮಾತ್ರ ಬಿಡಲಿಲ್ಲ. ಅದು ಸಾಲದು ಅಂತ 1924ರ ಹೊಸ ವರ್ಷದ ದಿನ ಇವಳ ಡ್ರೈವರ್, ಇವಳದೇ ಪಿಸ್ತೂಲಿನಿಂದ, ಕೋರ್ಟ್‌ಲ್ಯಾಂಡ್ ಡೈನ್ಸ್ ಅನ್ನೋ ಶ್ರೀಮಂತನಿಗೆ ಗುಂಡು ಹಾರಿಸಿದ. ಡೈನ್ಸ್ ಬದುಕಿಕೊಂಡ. ಕೆಲವು ಊರುಗಳಲ್ಲಿ ಮೇಬಲ್ ಚಿತ್ರ ಹಾಕಬೇಡಿ ಅಂತ ಗಲಾಟೆಯಾಯ್ತು. ಯಾವ ಕೇಸಿನಲ್ಲೂ ಅವಳು ಆರೋಪಿ ಅಲ್ಲ, ಗಮನಿಸಿ. ಕೊಂದಿದ್ದು ಯಾರೋ, ಗುಂಡು ಹೊಡೆದಿದ್ದು ಯಾರೋ, ಮಾನ ಹೋಗಿದ್ದು ಇವಳದ್ದು. ಜನ ಚಾಪ್ಲಿನ್ ಅಂದ್ರೆ ಚಿತ್ರ ನೆನೆಸಿಕೊಳ್ತಾರೆ, ಮೇಬಲ್ ಅಂದ್ರೆ ಬಹಳ ವರ್ಷ ಕೊಲೆ ಕೇಸು ನೆನೆಸಿಕೊಂಡರು.

1926ರಲ್ಲಿ ಹಾಲ್ ರೋಚ್ ಕಂಪನಿಗೆ ಕೆಲವು ಚಿಕ್ಕ ಚಿತ್ರ ಮಾಡಿದಳು, ಅದೇ ವರ್ಷ ನಟ ಲ್ಯೂ ಕೋಡಿಯನ್ನು ಮದುವೆಯಾದಳು. ಕ್ಷಯ ಜಾಸ್ತಿಯಾಗಿ 1930ರ ಫೆಬ್ರವರಿಯಲ್ಲಿ ಮನ್ರೋವಿಯಾದ ಸ್ಯಾನಟೋರಿಯಂನಲ್ಲಿ ತೀರಿಕೊಂಡಳು. 37 ವರ್ಷ. ಅಷ್ಟರಲ್ಲಿ ಟಾಕಿ ಬಂದಾಗಿತ್ತು, ಇವಳು ಒಂದು ಟಾಕಿಯನ್ನೂ ಮಾಡಲಿಲ್ಲ.

ಎಲ್ಲಿಂದ ಶುರು ಮಾಡಲಿ ಅಂದ್ರೆ 1923ರ ‘ದಿ ಎಕ್ಸ್‌ಟ್ರಾ ಗರ್ಲ್’ ನೋಡಿ. ಮೊದಲರ್ಧ ಸ್ವಲ್ಪ ಎಳೆದ ಹಾಗಿದೆ, ತಾಳ್ಮೆ ಇರಲಿ. ಸ್ಟಾರ್ ಆಗೋಕೆ ಬಂದ ಹಳ್ಳಿ ಹುಡುಗಿ ಸ್ಟುಡಿಯೋದಲ್ಲಿ ಕೂಲಿ ಕೆಲಸಕ್ಕೆ ಸೇರಿರ್ತಾಳೆ. ಅಲ್ಲಿ ಸಿಂಹದ ವೇಷ ಹಾಕಿದ ಒಂದು ನಾಯಿ, ಒಂದು ನಿಜವಾದ ಸಿಂಹ. ಇವಳು ನಾಯಿ ಅಂದುಕೊಂಡು ಸಿಂಹಕ್ಕೇ ಹಗ್ಗ ಹಾಕಿ ಸ್ಟುಡಿಯೋ ತುಂಬಾ ಎಳೆದುಕೊಂಡು ಓಡಾಡ್ತಾಳೆ. ಎದುರಿಗೆ ಬಂದವರೆಲ್ಲ ದಿಕ್ಕಾಪಾಲು. ಇವಳಿಗೆ ಮಾತ್ರ ಈ ಜನಕ್ಕೆ ಏನಾಗಿದೆ ಅಂತ ಆಶ್ಚರ್ಯ. ಮನೇಲಿ ಮಗಳಿಗೆ ತೋರಿಸಿದೆ. ನಕ್ಕು ನಕ್ಕು ಸಾಕಾಗಿ ‘ಅಪ್ಪಾ, ಇದು ಕಂಪ್ಯೂಟರಲ್ಲಿ ಮಾಡಿದ್ದಾ?’ ಅಂದಳು. ಇಲ್ಲಮ್ಮ, ಸಿಂಹ ನಿಜದ್ದು, ಹಗ್ಗನೂ ನಿಜದ್ದು ಅಂದೆ. ನಂಬಲಿಲ್ಲ, ಹಿಂದಕ್ಕೆ ಹಾಕಿ ಇನ್ನೊಂದು ಸಲ ನೋಡಿದಳು.