ಕಲ್ಲಿನ ದಾರಿ, ಗಿಡ್ಡ ಗುಡ್ಡ: ಓದುಗರ ಸೈಕಲ್ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಬೆಲ್ಜಿಯಂ ದೇಶದ ಟೂರ್ ಆಫ್ ಫ್ಲಾಂಡರ್ಸ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಫ್ಲಾಂಡರ್ಸ್ ಪ್ರಾಂತ್ಯದಲ್ಲಿ ನಡೆಯುವ ಒಂದೇ ದಿನದ ಸೈಕಲ್ ರೇಸ್. ಸುಮಾರು 270 ಕಿಲೋಮೀಟರ್. ನಡುನಡುವೆ ಕಲ್ಲು ಹಾಸಿದ ಇಕ್ಕಟ್ಟು ದಾರಿ, ಸಣ್ಣ ಸಣ್ಣ ಗುಡ್ಡ. 1913ರಲ್ಲಿ ಶುರುವಾದದ್ದು. ಅದನ್ನು ಓದಿ ಪತ್ರ ಬರೆದವರಲ್ಲಿ ಕೆಲವರಿಗೆ ಇಲ್ಲಿ ಉತ್ತರ. ಉಡುಪಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡವನಿಗೆ ಈ ರೇಸ್ ಬಗ್ಗೆ ಮಾತಾಡುವುದು ಅಂದರೆ ಊಟದಷ್ಟೇ ಇಷ್ಟ.

ಪ್ರಶ್ನೆ: ಅಲ್ಲಿನ ಗುಡ್ಡಗಳು ಐವತ್ತು–ಅರವತ್ತು ಮೀಟರ್ ಏರಿದರೆ ಮುಗಿಯಿತಂತೆ. ನಾವು ಗೆಳೆಯರು ಆಗುಂಬೆ ಘಾಟಿ ಹತ್ತುತ್ತೇವೆ. ಅಷ್ಟು ಸಣ್ಣ ಗುಡ್ಡಕ್ಕೆ ಇಷ್ಟೊಂದು ಹೆಸರು ಯಾಕೆ? – ಪಿಯುಸಿ ವಿದ್ಯಾರ್ಥಿ, ಹೆಬ್ರಿ

ಸೋಮೇಶ್ವರದಿಂದ ಮೇಲೆ ಆ 14 ತಿರುವು ಹತ್ತಿದ್ದೀಯಲ್ಲ ತಮ್ಮಾ, ಭೇಷ್. ಆದರೆ ಆ ತಿರುವುಗಳು ಯಾಕಿವೆ ಹೇಳು? ಏರು ಜಾಸ್ತಿ ಆಗಬಾರದು ಅಂತ ದಾರಿಯನ್ನು ಸುತ್ತಿಸಿ ಸುತ್ತಿಸಿ ಒಯ್ದಿದ್ದಾರೆ. ಫ್ಲಾಂಡರ್ಸ್‌ನ ಗುಡ್ಡದ ದಾರಿಗಳು ಹಾಗಲ್ಲ. ಹಳೇ ಕಾಲದಲ್ಲಿ ಹೊಲಕ್ಕೆ ಹೋಗಲು ಮಾಡಿಕೊಂಡ ದಾರಿಗಳು ಅವು, ಹೆಚ್ಚಿನವು ನೆಟ್ಟಗೆ ಮೇಲಕ್ಕೆ ಹೋಗುತ್ತವೆ. ಪಾಟರ್‌ಬರ್ಗ್ ಎಂಬ ಗುಡ್ಡದ ಏರು ಬರೀ 360 ಮೀಟರ್ ಉದ್ದ. ಆದರೆ ಸರಾಸರಿ ಏರು ಶೇಕಡಾ 13ರ ಹತ್ತಿರ. ತೀರಾ ಕಡಿದಾದ ಕಡೆ ಶೇಕಡಾ 20. ಕೊಪ್ಪೆನ್‌ಬರ್ಗ್ 600 ಮೀಟರ್, ಅಲ್ಲಿ ಶೇಕಡಾ 22ಕ್ಕೂ ಹೋಗುತ್ತದೆ. ಅಂದರೆ ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ ಇಪ್ಪತ್ತೆರಡು ಮೀಟರ್ ಮೇಲೆ ಹೋಗುವ ಲೆಕ್ಕದ ಏರು.

ಟಾರು ರಸ್ತೆಯಾಗಿದ್ದರೆ ಸೀಟಿನಿಂದ ಎದ್ದು ನಿಂತು ತುಳಿದು ಹತ್ತಬಹುದಿತ್ತು. ಕಲ್ಲಿನ ಮೇಲೆ ಅದು ಆಗುವುದಿಲ್ಲ. ಎದ್ದು ನಿಂತರೆ ಮೈಭಾರ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರಕ್ಕೆ ಹಿಡಿತ ತಪ್ಪುತ್ತದೆ. ಒದ್ದೆ ಕಲ್ಲಾದರೆ ಚಕ್ರ ಸುಮ್ನೆ ಗಿರ್ರನೆ ತಿರುಗುತ್ತದೆ, ಸೈಕಲ್ ನಿಂತಲ್ಲೇ. ಹಾಗಾಗಿ ಕೂತೇ ತುಳಿಯಬೇಕು. ಗೇರನ್ನು ಏರು ಸಿಗುವ ಮೊದಲೇ ಇಳಿಸಿಕೊಂಡಿರಬೇಕು. ನಡುವೆ ಒಮ್ಮೆ ಕಾಲು ಕೆಳಗಿಟ್ಟರೆ ಮತ್ತೆ ಹತ್ತಿ ಹೊರಡುವುದು ಕಷ್ಟ.

ಅಸಲು ಸಂಗತಿ ಇರುವುದು ಇಲ್ಲಿ. ದಾರಿ ಇಕ್ಕಟ್ಟು. ಮುಂದಿನವನು ಕಾಲು ಕೆಳಗಿಟ್ಟರೆ ಹಿಂದಿನವನೂ ಇಡಲೇಬೇಕು. ಅವನ ಹಿಂದಿನವನಿಗೂ ಬೇರೆ ದಾರಿ ಇಲ್ಲ. ನಿನ್ನ ಕಾಲಲ್ಲಿ ಎಷ್ಟೇ ಕಸು ಇರಲಿ, ನಲವತ್ತನೆಯವನಾಗಿ ಗುಡ್ಡದ ಬುಡಕ್ಕೆ ಬಂದರೆ ಸೈಕಲ್ ತಳ್ಳಿಕೊಂಡು ಹೋಗಬೇಕಾದೀತು. 2024ರಲ್ಲಿ ಆದದ್ದು ಅದೇ. ಮಳೆ ಬಂದಿತ್ತು, ಕೊಪ್ಪೆನ್‌ಬರ್ಗ್ ಒದ್ದೆಯಾಗಿತ್ತು. ಡಚ್ ಸವಾರ ಮ್ಯಾಥ್ಯೂ ವ್ಯಾನ್ ಡರ್ ಪೂಲ್ ಎಲ್ಲರಿಗಿಂತ ಮುಂದೆ ಬಂದು ಕೂತೇ ಹತ್ತಿಹೋದ. ಅವನ ಹಿಂದೆ ಜಗತ್ತಿನ ಹೆಸರಾಂತ ಸವಾರರು ಸೈಕಲ್ಲನ್ನು ಕೈಯಲ್ಲಿ ಹಿಡಿದುಕೊಂಡು, ಕೆಳಗೆ ಕ್ಲೀಟ್ (ಪೆಡಲ್ಲಿಗೆ ಸಿಕ್ಕಿಸುವ ಗಟ್ಟಿ ಕೊಂಡಿ) ಇರುವ ಶೂನಲ್ಲಿ ಜಾರುತ್ತಾ ನಡೆದರು. ಇನ್ನೂ ಸುಮಾರು 45 ಕಿಲೋಮೀಟರ್ ಬಾಕಿ ಇತ್ತು. ಅಷ್ಟನ್ನೂ ಅವನು ಒಬ್ಬನೇ ಹೊಡೆದು ಗೆದ್ದ. ಅದು ಅವನ ಮೂರನೇ ಗೆಲುವು.

1987ರ ಕಥೆ ಇನ್ನೂ ಕೆಟ್ಟದ್ದು. ಡೆನ್ಮಾರ್ಕಿನ ಯೆಸ್ಪರ್ ಸ್ಕಿಬಿ ಎಲ್ಲರಿಗಿಂತ ಮುಂದಿದ್ದ. ಕೊಪ್ಪೆನ್‌ಬರ್ಗ್ ನಡುವೆ ಬಿದ್ದ. ಹಿಂದೆ ಬರುತ್ತಿದ್ದ ರೇಸ್ ಅಧಿಕಾರಿಯ ಕಾರಿಗೆ ನಿಲ್ಲಲು ಜಾಗವಿಲ್ಲ. ಅದು ಅವನ ಸೈಕಲ್ಲಿನ ಮೇಲೆಯೇ ಹತ್ತಿಹೋಯಿತು. ಕಾಲು ಇನ್ನೂ ಪೆಡಲ್ಲಿಗೆ ಸಿಕ್ಕಿಕೊಂಡಿತ್ತು. ಅವನಿಗೆ ಏನೂ ಆಗಲಿಲ್ಲ ಅನ್ನುವುದೇ ದೊಡ್ಡದು. ಆಮೇಲೆ 2002ರವರೆಗೆ ಆ ಗುಡ್ಡವನ್ನೇ ರೇಸಿನಿಂದ ಬಿಟ್ಟಿದ್ದರು.

ಹಾಗಾಗಿ ಆಗುಂಬೆ ಹತ್ತುವ ಕಸು ಬೇರೆ, ಇದು ಬೇರೆ. ಅಭ್ಯಾಸ ಮಾಡಬೇಕಾದರೆ ನಿಮ್ಮೂರ ಕಡೆ ತೋಟಕ್ಕೆ ಹೋಗುವ ಗಿಡ್ಡ, ಕಡಿದಾದ ದಾರಿ ಒಂದು ಹುಡುಕು. ಕೂತೇ ಹತ್ತಿ ನೋಡು. ಇಳಿಯುವಾಗ ಎರಡೂ ಬ್ರೇಕಿನ ಮೇಲೆ ಕೈ ಇರಲಿ.

ಪ್ರಶ್ನೆ: ಇಷ್ಟು ಕಷ್ಟ ಇದ್ದರೆ ಆ ದಾರಿಗೆ ಟಾರು ಹಾಕಬಾರದಾ? – ನಿವೃತ್ತ ಓವರ್‌ಸಿಯರ್, ಬ್ರಹ್ಮಾವರ

ಕಂಬಳದ ಗದ್ದೆಗೆ ಯಾರಾದರೂ ಕಾಂಕ್ರೀಟ್ ಹಾಕ್ತಾರಾ ಸರ್?

ಟಾರು ಹಾಕಿದ್ದೂ ಉಂಟು. ಎರಡನೇ ಮಹಾಯುದ್ಧದ ನಂತರ ಅಲ್ಲಿಯ ಎಷ್ಟೋ ಕಲ್ಲಿನ ದಾರಿಗಳು ಟಾರು ರಸ್ತೆಯಾದವು. ರೇಸ್ ನಡೆಸುವವರು ಆಗ ಹಳ್ಳಿ ಹಳ್ಳಿ ಸುತ್ತಿ ಹೊಸ ಕಲ್ಲಿನ ಏರು ಹುಡುಕಬೇಕಾಯಿತು. ಕೊಪ್ಪೆನ್‌ಬರ್ಗ್ ರೇಸಿಗೆ ಸೇರಿದ್ದು 1976ರಲ್ಲಿ, ಹಾಗೆ. ಪಾಟರ್‌ಬರ್ಗ್‌ದು ನನಗೆ ತುಂಬಾ ಇಷ್ಟವಾದ ಸಂಗತಿ. ಅಲ್ಲಿಯ ರೈತರೊಬ್ಬರಿಗೆ ರೇಸ್ ತಮ್ಮ ಮನೆ ಮುಂದೆ ಹೋಗಬೇಕು ಅಂತ ಆಸೆ. ತಮ್ಮ ಹೊಲದ ಪಕ್ಕದ ದಾರಿಗೆ ಕಲ್ಲು ಹಾಸಿದರು. 1986ರಲ್ಲಿ ರೇಸ್ ಅಲ್ಲಿಗೆ ಬಂತು. ಈಗ ಅದೇ ಕೊನೆಯ ಗುಡ್ಡ. ರಸ್ತೆ ಕೆಲಸ ಮಾಡಿಸಿದ ನಿಮಗೆ ಆ ಮನುಷ್ಯನ ಹಟ ಅರ್ಥವಾದೀತು.

ಪ್ರಶ್ನೆ: ದಿನಾ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ದಾರಿಯಲ್ಲಿ ಇಂಟರ್‌ಲಾಕ್ ಕಲ್ಲು, ಕಿತ್ತುಹೋದ ಕಾಂಕ್ರೀಟ್. ಕೈ ಜೋಮು ಹಿಡಿಯುತ್ತದೆ. ಗಾಳಿ ಗಟ್ಟಿ ಇದ್ದರೆ ಸೈಕಲ್ ಹಗುರ ಓಡುತ್ತದೆ ಅಂತಾರೆ, ಹೌದಾ? – ಬ್ಯಾಂಕ್ ಉದ್ಯೋಗಿ, ಮೂಲ್ಕಿ

ಅಕ್ಕ, ಒಂದು ಕಾಲದಲ್ಲಿ ರೇಸಿನವರೂ ಹಾಗೇ ನಂಬಿದ್ದರು. 23 ಮಿಲಿಮೀಟರ್ ಅಗಲದ ಟಯರು, ಕಲ್ಲಿನಂತೆ ಗಟ್ಟಿ ಗಾಳಿ. ಈಗ ಫ್ಲಾಂಡರ್ಸ್‌ಗೆ 30–32 ಮಿಲಿಮೀಟರ್ ಟಯರು ಹಾಕುತ್ತಾರೆ, ಗಾಳಿಯೂ ಎಷ್ಟೋ ಕಡಿಮೆ. ಕಾರಣ ಸರಳ. ಗಟ್ಟಿ ಟಯರು ಪ್ರತಿ ಕಲ್ಲಿಗೂ ಪುಟಿಯುತ್ತದೆ. ಪುಟಿದಾಗಲೆಲ್ಲ ನಿಮ್ಮನ್ನೂ ಸೈಕಲ್ಲನ್ನೂ ಮೇಲಕ್ಕೆ ಎತ್ತುತ್ತದೆ. ಮುಂದೆ ಹೋಗಬೇಕಾದ ನಿಮ್ಮ ಶಕ್ತಿ ಹಾಗೆ ಮೇಲೆ ಕೆಳಗೆ ಹಾರುವುದಕ್ಕೆ ಖರ್ಚಾಗುತ್ತದೆ. ಸ್ವಲ್ಪ ಮೆತ್ತಗಿನ ಟಯರು ಕಲ್ಲನ್ನು ನುಂಗಿಕೊಂಡು ಹೋಗುತ್ತದೆ. ಹಿಡಿತವೂ ಜಾಸ್ತಿ.

ಟಯರಿನ ಪಕ್ಕದಲ್ಲಿ ಗಾಳಿಯ ಅಂಕಿ ಬರೆದಿರುತ್ತದೆ, ನೋಡಿದ್ದೀರಾ? ಅಲ್ಲಿರುವ ದೊಡ್ಡ ಅಂಕಿ ಮಿತಿ, ಅದಕ್ಕಿಂತ ಮೇಲೆ ಹೋಗಬಾರದು ಅಂತ. ಹೆಚ್ಚಿನವರು ಅದನ್ನೇ ಗುರಿ ಅಂದುಕೊಂಡು ತುಂಬಿಸುತ್ತಾರೆ. ನೀವು ಅದಕ್ಕಿಂತ ಕಡಿಮೆಗೆ ತುಂಬಿಸಿ. ಮುಂದಿನ ಚಕ್ರಕ್ಕೆ ಹಿಂದಿನದಕ್ಕಿಂತ ಇನ್ನೂ ಸ್ವಲ್ಪ ಕಡಿಮೆ ಸಾಕು, ಭಾರ ಹೆಚ್ಚು ಬೀಳುವುದು ಹಿಂದೆ. ಸೈಕಲ್ ಮೇಲೆ ಕೂತು ಯಾರಿಗಾದರೂ ನೋಡಲು ಹೇಳಿ. ನೆಲಕ್ಕೆ ತಾಗುವಲ್ಲಿ ಟಯರಿನ ಹೊಟ್ಟೆ ಒಂಚೂರು ಉಬ್ಬಬೇಕು. ಉಬ್ಬದಿದ್ದರೆ ಗಾಳಿ ಜಾಸ್ತಿ ಆಯಿತು. ಗುಂಡಿಗೆ ಬಿದ್ದಾಗ ರಿಮ್ ಟಣ್ ಅಂದರೆ ಕಡಿಮೆ ಆಯಿತು. ಆಗ ಟ್ಯೂಬಿಗೆ ಅಕ್ಕಪಕ್ಕ ಎರಡು ತೂತು ಬೀಳುತ್ತದೆ, ಹಾವು ಕಚ್ಚಿದ ಗುರುತಿನ ಹಾಗೆ.

ಇನ್ನು ಕೈ. ಹ್ಯಾಂಡಲನ್ನು ಬಿಗಿಯಾಗಿ ಹಿಡಿಯಬೇಡಿ. ಫ್ಲಾಂಡರ್ಸ್‌ನಲ್ಲಿ ಕಲ್ಲಿನ ಮೇಲೆ ಹೋಗುವವರ ಕೈ ನೋಡಿ, ಹಿಡಿತ ಸಡಿಲ, ಮೊಣಕೈ ಬಾಗಿರುತ್ತದೆ. ಬೆರಳು ಮಾತ್ರ ಬ್ರೇಕಿನ ಹತ್ತಿರ. ಇಷ್ಟು ಮಾಡಿಯೂ ಜೋಮು ಬಿಡದಿದ್ದರೆ ಸೈಕಲ್ ಸಮೇತ ಅಂಗಡಿಗೆ ಬನ್ನಿ, ಸೀಟು ಹ್ಯಾಂಡಲಿನ ಎತ್ತರ ನೋಡುವ.

ಪ್ರಶ್ನೆ: ಒಂದು ತಂಡದಲ್ಲಿ ಏಳು ಜನ, ಗೆಲ್ಲುವುದು ಒಬ್ಬ. ಉಳಿದ ಆರು ಮಂದಿಗೆ ಎಂತ ಕೆಲಸ? – ಉಪನ್ಯಾಸಕ, ಮಂಗಳೂರು

ಗಾಳಿ ತಡೆಯುವ ಕೆಲಸ. ಮಧ್ಯಾಹ್ನ ಕಾಪುವಿನಿಂದ ಪಡುಬಿದ್ರಿ ಕಡೆ ಹೆದ್ದಾರಿಯಲ್ಲಿ ಸೈಕಲ್ ಹೊಡೆದವರಿಗೆ ಕಡಲ ಗಾಳಿ ಎಂಥದ್ದು ಅಂತ ಗೊತ್ತು. ಒಬ್ಬನ ಬೆನ್ನಿಗೆ ಅಂಟಿಕೊಂಡು ಹೋದರೆ ಸುಮಾರು ಮೂರನೇ ಒಂದು ಪಾಲು ಶಕ್ತಿ ಉಳಿಯುತ್ತದೆ. ಗಾಳಿ ಪಕ್ಕದಿಂದ ಬಂದರೆ ಸಾಲು ಓರೆಯಾಗುತ್ತದೆ. ರಸ್ತೆ ಇಕ್ಕಟ್ಟಾದ್ದರಿಂದ ಆ ಓರೆ ಸಾಲಿನಲ್ಲಿ ಸ್ವಲ್ಪ ಜನರಿಗೆ ಮಾತ್ರ ಜಾಗ. ಉಳಿದವರು ರಸ್ತೆಯಂಚಿನಲ್ಲಿ ಗಾಳಿ ತಿನ್ನುತ್ತಾ ಹಿಂದೆ ಬೀಳುತ್ತಾರೆ.

ಆ ಆರು ಮಂದಿ ನಾಯಕನನ್ನು ಐದು ಗಂಟೆ ಹೊತ್ತು ಹೀಗೆ ಕಾಪಾಡುತ್ತಾರೆ, ನೀರಿನ ಬಾಟಲಿ ತರುತ್ತಾರೆ, ಪಂಕ್ಚರ್ ಆದರೆ ತಮ್ಮ ಚಕ್ರ ಕಳಚಿ ಕೊಡುತ್ತಾರೆ. ಅವರ ದೊಡ್ಡ ಕೆಲಸ ಕಲ್ಲಿನ ಏರು ಶುರುವಾಗುವ ಮೊದಲು. ಮುಖ್ಯ ಗುಡ್ಡಕ್ಕೆ ತಿರುಗುವ ಮುನ್ನ ಇಡೀ ಗುಂಪು ಒಂದೇ ಮೂಲೆಗೆ ನುಗ್ಗುತ್ತದೆ, ಭುಜಕ್ಕೆ ಭುಜ ತಾಗಿಸಿಕೊಂಡು. ಅಲ್ಲಿ ನಾಯಕನನ್ನು ಮೊದಲ ಹತ್ತು ಜನರ ಒಳಗೆ ತಂದು ಬಿಡುವವನು ತನ್ನ ಕಸುವನ್ನೆಲ್ಲ ಅಲ್ಲೇ ಸುರಿದಿರುತ್ತಾನೆ. ಆಮೇಲೆ ಅವನು ಟಿವಿಯಲ್ಲಿ ಕಾಣುವುದೂ ಇಲ್ಲ. ನನ್ನ ಲೆಕ್ಕದಲ್ಲಿ ಗೆಲುವಿನಲ್ಲಿ ಅರ್ಧ ಅವನದ್ದು.

ಪ್ರಶ್ನೆ: ಮಗಳೂ ನಾನೂ ಟಿವಿಯಲ್ಲಿ ನೋಡಬೇಕು ಅಂತಿದ್ದೇವೆ. ಹೆಂಗಸರ ರೇಸ್ ಉಂಟಾ? ಆರು ಗಂಟೆ ಪೂರ್ತಿ ನೋಡಬೇಕಾ? – ಗೃಹಿಣಿ, ಕುಂದಾಪುರ

ಉಂಟು, 2004ರಿಂದ. ಎರಡೂ ಒಂದೇ ದಿನ, ಹೆಚ್ಚಾಗಿ ಏಪ್ರಿಲ್ ಶುರುವಿನ ಭಾನುವಾರ. ಫ್ಲಾಂಡರ್ಸ್‌ನವಳೇ ಆದ ಲೊಟ್ಟೆ ಕೊಪೆಕಿ 2022, 2023 ಮತ್ತು 2025ರಲ್ಲಿ ಗೆದ್ದಳು. ಮಗಳಿಗೆ ಅವಳನ್ನು ತೋರಿಸಿ.

ಗಂಡಸರ ರೇಸ್ ನಮ್ಮ ಗಡಿಯಾರದಲ್ಲಿ ರಾತ್ರಿ ಏಳೂವರೆ–ಎಂಟರ ಹೊತ್ತಿಗೆ ಮುಗಿಯುತ್ತದೆ. ಕೊನೆಯ ಎರಡು ಗಂಟೆ ನೋಡಿದರೆ ಸಾಕು. ಔಡೆ ಕ್ವಾರೆಮಾಂಟ್ ಎಂಬ ಏರು ಹಲವು ಸಲ ಬರುತ್ತದೆ. 2.2 ಕಿಲೋಮೀಟರ್ ಉದ್ದದ ಆ ಏರನ್ನು ಕೊನೆಯ ಸಲ ಹತ್ತುವಾಗ ರೇಸ್ ಮುಗಿಯುವ ಔಡೆನಾರ್ಡೆ ಊರಿನ ಗೆರೆ ಮುಟ್ಟಲು ಇನ್ನು 18 ಕಿಲೋಮೀಟರಿನಷ್ಟು ಇರುತ್ತದೆ. ಸ್ಲೊವೇನಿಯಾದ ತಾಡೆಯ್ ಪೊಗಾಚಾರ್ 2023ರಲ್ಲೂ 2025ರಲ್ಲೂ ಎಲ್ಲರನ್ನೂ ಬಿಟ್ಟುಹೋದದ್ದು ಅಲ್ಲೇ. ಅಡುಗೆ ಕೆಲಸ ಏನಿದ್ದರೂ ಅದಕ್ಕಿಂತ ಮೊದಲು ಮುಗಿಸಿಕೊಳ್ಳಿ. ಆ ಏರಿಗೆ ತಿರುಗುವ ಮೊದಲಿನ ಎರಡು ಕಿಲೋಮೀಟರ್ ಮಾತ್ರ ತಪ್ಪಿಸಬೇಡಿ. ಯಾರು ಎಷ್ಟನೆಯ ಸಾಲಿನಲ್ಲಿದ್ದಾರೆ ಅಂತ ಮಗಳಿಗೆ ಎಣಿಸಲು ಹೇಳಿ.