ಮಳೆಗಾಲದಲ್ಲಿ ಒಣ ಕಟ್ಟಿಗೆ ಸಿಗಲ್ಲ, ಬಚ್ಚಲ ಒಲೆಗೆ ಕಲ್ಲಿದ್ದಲು ಹಾಕೋಣ ಅಂತಿದ್ದೇನೆ. ಇನ್ಸುಲೇಟೆಡ್ ಚಿಮಣಿ ಪೈಪಿನಲ್ಲಿ ಶಾಖ ತಡೆಯುವ ಉಣ್ಣೆಯ ಪದರ 25 ಎಂಎಂ ಸಾಕೋ, 50 ಬೇಕೋ?

ನೀವು ಕೇಳಿದ ದಪ್ಪದ ಮಾತು ಆಮೇಲೆ. ಪೈಪ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ನೀವು ಬರೆದೇ ಇಲ್ಲ. ನಾನೂ ಅಂಗಡಿಯಲ್ಲಿ ನಿಂತು ದಪ್ಪವನ್ನೇ ಕೇಳಿದ್ದೆ.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಹಂಚಿನ ಮನೆ, ಬಚ್ಚಲಲ್ಲಿ ತಾಮ್ರದ ಹಂಡೆ, ಹೊತ್ತುಗಟ್ಟಲೆ ಸಣ್ಣಗೆ ಉರಿಯುವ ಒಲೆ. ಮೊದಲು ಎಸಿ (ಆಸ್ಬೆಸ್ಟಾಸ್ ಸಿಮೆಂಟ್) ಪೈಪ್ ಇತ್ತು. ಕಟ್ಟಿಗೆ ಉಳಿಸುವ ಅಸ್ತ್ರ ಒಲೆ ಬಂದ ಕಾಲದಲ್ಲಿ ಹಾಕುತ್ತಿದ್ದರಲ್ಲ, ಅಂಥದ್ದೇ. ಅದು ಬಿರುಕು ಬಿಟ್ಟಿತು. (ನಿಮ್ಮಲ್ಲೂ ಇದ್ದರೆ ಗರಗಸ ಹಾಕಿ ಕೊಯ್ಯಬೇಡಿ. ಹಳೆಯ ಎಸಿ ಪೈಪಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು.)

ಹೊಸ ಪೈಪಿಗೆ ಮಾಡು ಬಿಚ್ಚಲು ಆಯಿ ಒಪ್ಪಲಿಲ್ಲ. ಒಮ್ಮೆ ಹಂಚು ಅಲುಗಿದರೆ ಮಳೆಗಾಲ ಪೂರ್ತಿ ಸೋರುತ್ತದೆ ಅಂತ ಅವಳ ಹಟ. ಸರಿ, ಗೋಡೆ ಕೊರೆದು ಪೈಪನ್ನು ಹೊರಗೆ ತಂದು, ಗೋಡೆಗುಂಟ ಮೇಲಕ್ಕೆ ಒಯ್ದೆವು. ಇನ್ಸುಲೇಟೆಡ್ ಪೈಪ್ ದುಬಾರಿ. ಹಾಗಾಗಿ ಕೈ ತಾಗುವ ಒಳಗಿನ ತುಂಡಿಗೆ ಮಾತ್ರ ಅದನ್ನು ತಂದೆ. ಹೊರಗೆ ಬರೀ ಜಿಐ (ಸತು ಲೇಪಿಸಿದ ಕಬ್ಬಿಣ) ತಗಡು. ಹೊರಗೆ ಯಾರ ಕೈ ಸುಡುತ್ತದೆ, ಅಲ್ವಾ?

ಕೆಟ್ಟದ್ದು ಅಲ್ಲೇ. ಎರಡು ತಗಡಿನ ನಡುವೆ ತುಂಬುವ ಆ ಉಣ್ಣೆ ಮುಖ್ಯವಾಗಿ ಇರುವುದು ಕೈಗಲ್ಲ, ಹೊಗೆಗೆ. ಹೊಗೆ ಬಿಸಿಯಿದ್ದರೆ ಹಗುರ. ಹಗುರವಿದ್ದರೆ ಜೋರಾಗಿ ಮೇಲೇಳುತ್ತದೆ, ಹಿಂದಿನದನ್ನೂ ಒಲೆಯಿಂದ ಎಳೆದುಕೊಳ್ಳುತ್ತದೆ. ನಮ್ಮ ಆಷಾಢದ ಮಳೆ ಬರೀ ತಗಡಿನ ಮೇಲೆ ಬಿದ್ದರೆ ಹೊಗೆ ಅರ್ಧ ದಾರಿಯಲ್ಲೇ ತಣ್ಣಗಾಗಿ ಕೂರುತ್ತದೆ. ಸುಮಾರು 120 ಡಿಗ್ರಿಗಿಂತ ಕೆಳಗಿಳಿದರೆ ಅದರಲ್ಲಿರುವ ಟಾರು, ನೀರಾವಿ ಎಲ್ಲ ಪೈಪಿನ ಒಳಮೈಗೆ ಅಂಟಲು ಶುರು. ಹಸಿ ಕಟ್ಟಿಗೆಯಾದರೆ ಕೇಳಲೇಬೇಡಿ. ಬಚ್ಚಲ ತುಂಬ ಹೊಗೆ. ಹೊರಗೆ ಪ್ರತಿ ಜಾಯಿಂಟಿನಿಂದಲೂ ಅಡಿಕೆ ಚೊಗರಿನಂಥ ಕಪ್ಪು ರಸ ಇಳಿದು ಸುಣ್ಣದ ಗೋಡೆ ಮೇಲೆ ಪಟ್ಟೆ ಪಟ್ಟೆ. ಬೆಂಡಿನ ತಳ ತುಕ್ಕು ತಿಂದು, ಬೆರಳು ಒತ್ತಿದರೆ ಒಳಗೇ ಹೋಗುತ್ತಿತ್ತು. ಉಳಿಸಿದ ದುಡ್ಡಿಗಿಂತ ಜಾಸ್ತಿ ಖರ್ಚಾಯಿತು.

ರಸ ಸೋರಿದ್ದಕ್ಕೆ ಜಾಯಿಂಟೂ ಕಾರಣ. ಮೇಲಿನ ತುಂಡಿನ ತುದಿ ಕೆಳಗಿನ ತುಂಡಿನ ಒಳಗೆ ಕೂರಬೇಕು. ಕೆಲಸದವರು ಮಳೆನೀರಿನ ಲೆಕ್ಕ ಹಾಕಿ ಉಲ್ಟಾ ಕೂರಿಸುತ್ತಾರೆ. ನಿಂತು ನೋಡಿ.

ಈಗ ನಮ್ಮದು ನೆಟ್ಟಗೆ ಮಾಡು ದಾಟಿ ಹೋಗಿದೆ, ಒಂದೂ ಬೆಂಡಿಲ್ಲ. ಒಲೆಯಿಂದ ಸ್ವಲ್ಪ ಎತ್ತರಕ್ಕೆ ಬರೀ ಪೈಪ್. ಮಾಡಿನ ಮರ, ಅಂದರೆ ಪಕಾಸಿ, ರೀಪು ಹತ್ತಿರ ಬರುವ ಮೊದಲೇ ಇನ್ಸುಲೇಟೆಡ್, ತುದಿವರೆಗೂ ಅದೇ. ಬರೀ ಪೈಪಿಗೂ ಮರಕ್ಕೂ ಒಂದೂವರೆ ಅಡಿ ಅಂತರ ಬೇಕು. ಇನ್ಸುಲೇಟೆಡ್ ಆದರೆ ಸಾಮಾನ್ಯವಾಗಿ 2 ಇಂಚು, ಕಂಪನಿ ಜಾಸ್ತಿ ಹೇಳಿದರೆ ಅಷ್ಟು. ಆ ಸಂದಿಗೆ ಏನನ್ನೂ ತುರುಕಬೇಡಿ. ತುದಿ ಮಾಡಿನಿಂದ 3 ಅಡಿಯಾದರೂ ಮೇಲಿರಲಿ, 10 ಅಡಿ ಸುತ್ತಿನಲ್ಲಿ ಮಾಡಿನ ನೆತ್ತಿಯ ಕೋಳು ಗೀಳು ಇದ್ದರೆ ಅದಕ್ಕಿಂತ 2 ಅಡಿ ಮೇಲೆ. ಹಂಚು ಸೋರಲಿಲ್ಲ. ಆಯಿಗೆ ಮಾತ್ರ ಇನ್ನೂ ನಂಬಿಕೆ ಬಂದಿಲ್ಲ.

ಇನ್ನು ಕಲ್ಲಿದ್ದಲು. ನನ್ನ ಕೇಳಿದರೆ ಬೇಡವೇ ಬೇಡ. ಅದಕ್ಕೆ ಕೆಳಗಿಂದ ಗಾಳಿ ಬರುವ ಕಬ್ಬಿಣದ ಜಾಲರಿ ಬೇಕು, ನಮ್ಮ ಮಣ್ಣಿನ ಒಲೆಯಲ್ಲಿ ಸುಮ್ನೆ ಸುರಿದರೆ ಸರಿಯಾಗಿ ಹೊತ್ತುವುದಿಲ್ಲ. ಅದರಲ್ಲಿರುವ ಗಂಧಕ ಪೈಪಿನ ತೇವದ ಜೊತೆ ಸೇರಿ ಆಮ್ಲವಾಗುತ್ತದೆ, ತಗಡನ್ನು ತಿನ್ನುತ್ತದೆ. ಹಾಕಲೇಬೇಕು ಅಂದರೆ ಒಳಪದರ 304 ದರ್ಜೆ ಬಿಟ್ಟು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಇರಲಿ. ಎಲ್ಲಕ್ಕಿಂತ ಹೆಚ್ಚಾಗಿ ಕಾರ್ಬನ್ ಮಾನಾಕ್ಸೈಡ್. ವಾಸನೆಯಿಲ್ಲ, ಬಣ್ಣವಿಲ್ಲ. ಬಾಗಿಲು ಹಾಕಿಕೊಂಡು ಮೀಯುವ ಬಚ್ಚಲಲ್ಲಿ ಅದು ತುಂಬಿದರೆ ಗೊತ್ತೇ ಆಗಲ್ಲ. ಕಟ್ಟಿಗೆ ಹೊಗೆಯಲ್ಲೂ ಇರುತ್ತದೆ, ಆದರೆ ಕಣ್ಣುರಿಯಾದರೂ ಆಗಿ ಎಚ್ಚರಿಸುತ್ತದೆ. ಆ ದುಡ್ಡಲ್ಲಿ ಕೊಟ್ಟಿಗೆ ಪಕ್ಕ ತಗಡಿನ ಮಾಡು ಇಳಿಸಿ, ಬೇಸಿಗೆಯಲ್ಲೇ ಕಟ್ಟಿಗೆ, ಕರಟ, ಅಡಿಕೆ ಸಿಪ್ಪೆ ತುಂಬಿಟ್ಟುಕೊಳ್ಳಿ.

25 ಎಂಎಂ ಸಾಕು, ಪೈಪ್ ಮನೆಯೊಳಗಿಂದಲೇ ಮೇಲೆ ಹೋಗುವುದಾದರೆ. ಹೊರಗೋಡೆ ಹಿಡಿದು ಹೋಗುವುದಾದರೆ 50. ಎರಡರಲ್ಲೂ ಒಲೆಯ ಹೊಗೆಬಾಯಿಗಿಂತ ಸಣ್ಣ ವ್ಯಾಸದ್ದು ತರಬೇಡಿ, ಅಂಗಡಿಯವನು ಎಷ್ಟೇ ಹೇಳಲಿ.